ವಾಚಿನ ಫೋಟೊ, ವಿಡಿಯೊ ತೆಗೀಬೇಕಾ? ಕ್ಯಾಮೆರಾ ಕೊನೆಗೆ ಕೊಳ್ಳಿ

ನಾನು ತೆಗೆದ ಮೊದಲ ವಾಚ್ ಫೋಟೊದಲ್ಲಿ ವಾಚಿಗಿಂತ ಚೆನ್ನಾಗಿ ಕಂಡದ್ದು ನನ್ನ ಚೌಕುಳಿ ಅಂಗಿ. ವಾಚು ಅಪ್ಪನ ಎಚ್‌ಎಂಟಿ ಪೈಲಟ್. ಕಪ್ಪು ಡಯಲ್, ಉಬ್ಬಿದ ಅಕ್ರಿಲಿಕ್ ಗ್ಲಾಸು. ಆ ಗ್ಲಾಸಿನೊಳಗೆ ನಾನು, ನನ್ನ ಅಂಗಿ, ತಲೆ ಮೇಲಿನ ಟ್ಯೂಬ್‌ಲೈಟು, ಕಿಟಕಿಯ ಸರಳು, ಎಲ್ಲ ಇದ್ದವು. ಕೈಯಲ್ಲಿದ್ದದ್ದು ತಿಂಗಳುಗಟ್ಟಲೆ ದುಡ್ಡು ಕೂಡಿಸಿ ತಗೊಂಡ, ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ. ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅಂಗಿಯ ಗುಂಡಿಯ ತೂತುಗಳನ್ನು ಎಣಿಸಬಹುದಿತ್ತು.

ಹಾಗಾಗಿ ಈಗ ಯಾರಾದರೂ "ಅಣ್ಣಾ, ವಾಚಿನ ಫೋಟೊಗೆ ಯಾವ ಕ್ಯಾಮೆರಾ ತಗೊಳ್ಳಲಿ" ಅಂತ ಕೇಳಿದರೆ ನಾನು ಕ್ಯಾಮೆರಾ ಹೆಸರು ಹೇಳುವುದಿಲ್ಲ. ದುಡ್ಡನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕು ಅಂತ ಹೇಳುತ್ತೇನೆ. ಮೊದಲು ಬೆಳಕು, ಆಮೇಲೆ ಅಲುಗದ ಸ್ಟ್ಯಾಂಡು, ಆಮೇಲೆ ಲೆನ್ಸು, ಕಟ್ಟಕಡೆಗೆ ಬಾಡಿ, ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾ. ಅಂಗಡಿಯವರು ಇದನ್ನು ತಲೆಕೆಳಗಾಗಿ ಹೇಳುತ್ತಾರೆ. ಅವರದ್ದೂ ತಪ್ಪಲ್ಲ, ಲೈಟಿನ ಮುಂದೆ ಹಿಡಿಯುವ ಬಟರ್ ಪೇಪರ್ ಮಾರಿ ಯಾರೂ ಅಂಗಡಿ ಬಾಡಿಗೆ ಕಟ್ಟಲಾರರು.

ಮೊದಲು: ಯಾಕೆ ತೆಗೀತಿದ್ದೀರಿ?

ಇದಕ್ಕೆ ಉತ್ತರ ಗೊತ್ತಿಲ್ಲದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ಹಳೆ ವಾಚು ಮಾರಬೇಕು, ಕೊಳ್ಳುವವರಿಗೆ ಗೀರು, ಕಲೆ, ಒಳಗಿನ ಮೆಷಿನ್ ಎಲ್ಲ ಪ್ರಾಮಾಣಿಕವಾಗಿ ಕಾಣಬೇಕು, ಅಷ್ಟೇನಾ? ನಿಮ್ಮ ಫೋನು ಸಾಕು, ಮುಂದಿನ ಬೆಳಕಿನ ಭಾಗ ಓದಿ ಅಲ್ಲಿಗೇ ನಿಲ್ಲಿಸಿ. ನಿಮ್ಮಲ್ಲಿರುವ ಹತ್ತಿಪ್ಪತ್ತು ವಾಚುಗಳ ಚೆಂದದ ಫೋಟೊ ಬೇಕೆಂದರೆ ಒಂದು ಸಾಧಾರಣ ಕ್ಯಾಮೆರಾ, ಹತ್ತಿರದಿಂದ ಹಿಡಿಯುವ ಲೆನ್ಸು ಬೇಕು. ವಿಡಿಯೊ ಮಾಡುತ್ತೀರಿ, ಮುಳ್ಳು ಓಡುವುದು, ಮೆಷಿನ್ನಿನೊಳಗಿನ ಬ್ಯಾಲೆನ್ಸ್ ಚಕ್ರ ಆಚೀಚೆ ಆಡುವುದು ತೋರಿಸುತ್ತೀರಿ ಅಂದರೆ ಮಾತ್ರ ಬಾಡಿಯ ಬಗ್ಗೆ ತಲೆ ಕೆಡಿಸಿಕೊಳ್ಳಿ.

ಫೋನಿನವರಿಗೆ ಇಲ್ಲೇ ಒಂದು ಮಾತು. ವಾಚಿನ ಹತ್ತಿರ ಹೋದ ಕೂಡಲೇ ಬಹಳಷ್ಟು ಫೋನುಗಳು ತಾವಾಗಿಯೇ ಅಗಲ ನೋಟದ ಅಲ್ಟ್ರಾವೈಡ್ ಕ್ಯಾಮೆರಾಗೆ ಹಾರುತ್ತವೆ, ಅದಕ್ಕೇ ಮ್ಯಾಕ್ರೊ ಅಂತ ಹೆಸರು. ಐಫೋನ್ 13 ಪ್ರೊ 2021ರಲ್ಲಿ ಬಂದಾಗ 2 ಸೆಂ.ಮೀ. ದೂರದಿಂದ ಫೋಕಸ್ ಆಗುತ್ತದೆ ಅಂತ ಎಲ್ಲರೂ ಕುಣಿದರು. ಹೂವಿಗೆ, ಇರುವೆಗೆ ಅದು ಚೆನ್ನ. ವಾಚಿಗೆ ಅಲ್ಲ. ಅಷ್ಟು ಹತ್ತಿರ ಹೋದರೆ ಫೋನಿನ ನೆರಳು ಡಯಲ್ ಮೇಲೆ ಬೀಳುತ್ತದೆ, ವಾಚಿನ ಹತ್ತಿರದ ಅಂಚು ಊದಿಕೊಂಡು ಕೀ ದಪ್ಪ ಮೂಗಿನ ಹಾಗೆ ಮುಂದೆ ಬರುತ್ತದೆ. ಮ್ಯಾಕ್ರೊ ಆಫ್ ಮಾಡಿ, ಒಂದಡಿ ಹಿಂದೆ ಸರಿದು, 2 ಅಥವಾ 3 ಪಟ್ಟು ಟೆಲಿಯಲ್ಲಿ, ಅಂದರೆ ದೂರದ್ದನ್ನು ಹತ್ತಿರ ತರುವ ಕ್ಯಾಮೆರಾದಲ್ಲಿ, ತೆಗೆಯಿರಿ. ವ್ಯತ್ಯಾಸ ನೀವೇ ನೋಡಿ.

ಬೆಳಕು: ಇಲ್ಲಿ ಜಾಸ್ತಿ ಹೊತ್ತು ಕೂರೋಣ

ವಾಚು ಒಂದು ವಸ್ತುವಲ್ಲ, ಹತ್ತು ಕನ್ನಡಿಗಳ ಗುಂಪು. ಗ್ಲಾಸು ಒಂದು ಕನ್ನಡಿ, ಪಾಲಿಶ್ ಮಾಡಿದ ಕೇಸು ಬಾಗಿದ ಕನ್ನಡಿ, ಮುಳ್ಳುಗಳು ಕಡ್ಡಿಯಂಥ ಕನ್ನಡಿ. ಕನ್ನಡಿಗೆ ಬೆಳಕು ಹಾಕುವುದು ಅನ್ನುವ ಮಾತೇ ಇಲ್ಲ, ಕನ್ನಡಿಯೊಳಗೆ ಏನು ಕಾಣಬೇಕು ಅಂತ ನೀವು ತೀರ್ಮಾನ ಮಾಡಬೇಕು. ಇದೊಂದು ತಲೆಗೆ ಹೊಕ್ಕರೆ ಅರ್ಧ ಕೆಲಸ ಆಯಿತು.

ಏನೇನು ಬೇಕು? ಒಂದೇ ಒಂದು ಎಲ್‌ಇಡಿ ಲೈಟು. ಎರಡು ಬೇಡ, ರಿಂಗ್‌ಲೈಟ್ ಅಂತೂ ಬೇಡವೇ ಬೇಡ, ಗ್ಲಾಸಿನ ನಟ್ಟನಡುವೆ ಬಳೆ ಹಾಕಿದ ಹಾಗೆ ಕಾಣುತ್ತದೆ. ಲೈಟಿನ ಡಬ್ಬದ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 95 ಅಥವಾ ಮೇಲೆ ಅಂತ ಬರೆದಿರಲಿ. ಅದು ಕಡಿಮೆ ಇದ್ದರೆ ಚಿನ್ನದ ಬಣ್ಣದ ಡಯಲ್ ಹಸಿರು ತಿರುಗಿ ಹಿತ್ತಾಳೆ ಚೊಂಬಿನ ಹಾಗೆ ಬರುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಸಮಾಧಾನ ಆಗುವುದಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಲೈಟ್ ಹಚ್ಚಿಸಿ, ಅರ್ಧ ಬೆಳಕಿಗೆ ಇಳಿಸಿ, ಫೋನಿನ ಸ್ಲೋ ಮೋಷನ್‌ನಲ್ಲಿ ಅದನ್ನೇ ಹಿಡಿಯಿರಿ. ಪಟ್ಟೆ ಪಟ್ಟೆಯಾಗಿ ಮಿನುಗಿದರೆ ವಾಪಸ್ ಇಟ್ಟು ಬನ್ನಿ. ವಿಡಿಯೊದಲ್ಲಿ ಆ ಮಿನುಗು ನಿಮ್ಮನ್ನು ಅಳಿಸುತ್ತದೆ.

ಜೊತೆಗೆ ಸ್ಟೇಷನರಿ ಅಂಗಡಿಯ ಸಾಮಾನು: ಬಟರ್ ಪೇಪರ್ ನಾಲ್ಕು ಹಾಳೆ, ಕಪ್ಪು ಚಾರ್ಟ್ ಶೀಟ್ ಎರಡು, ಬಿಳಿ ಚಾರ್ಟ್ ಶೀಟ್ ಒಂದು. ಬೆಂಗಳೂರಿನವರು ಅವೆನ್ಯೂ ರೋಡಿಗೆ ಒಂದು ಸುತ್ತು ಹೋದರೆ ಇಷ್ಟೂ ಸಿಗುತ್ತದೆ, ಉಳಿದ ಚಿಲ್ಲರೆಯಲ್ಲಿ ಕಾಫಿಯೂ ಆಗುತ್ತದೆ. ಮನೆಯಲ್ಲಿ ಗಾಜು ಒಡೆದ ಹಳೇ ಫೋಟೊ ಫ್ರೇಮ್ ಇದ್ದರೆ ಅದಕ್ಕೆ ಬಟರ್ ಪೇಪರ್ ಬಿಗಿಯಾಗಿ ಅಂಟಿಸಿ. ಬೆಳಕು ಮೆತ್ತಗೆ ಮಾಡುವ ನನ್ನ ಡಿಫ್ಯೂಸರ್ ಇವತ್ತಿಗೂ ಅದೇ.

ಈಗ ಹೀಗೆ ಮಾಡಿ. ಕೋಣೆಯ ಬೇರೆಲ್ಲ ಲೈಟು ಆರಿಸಿ, ಪರದೆ ಎಳೆಯಿರಿ. ಫ್ಯಾನನ್ನೂ ಆರಿಸಿ, ಏಪ್ರಿಲ್ ಆದರೂ ಸರಿ, ಇಲ್ಲದಿದ್ದರೆ ಇಡೀ ಮನೆಯ ಧೂಳು ಡಯಲ್ ಮೇಲೆ ಬಂದು ಕೂರುತ್ತದೆ. ವಾಚನ್ನು ಮೇಜಿನ ಮೇಲೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಬೆಲ್ಟಿನೊಳಗೆ ಒಂದು ಸ್ಪಂಜಿನ ಉರುಳೆ ತುರುಕಿದರೆ ನಿಲ್ಲುತ್ತದೆ, ಹೊಸ ವಾಚಿನ ಡಬ್ಬದಲ್ಲಿ ಬರುತ್ತದಲ್ಲ, ಇಂಗ್ಲಿಷ್ ಸಿ ಆಕಾರದ ಪ್ಲಾಸ್ಟಿಕ್ ಕ್ಲಿಪ್ಪು, ಅದು ಇನ್ನೂ ಒಳ್ಳೆಯದು. ಬಟರ್ ಪೇಪರಿನ ಚೌಕಟ್ಟನ್ನು ವಾಚಿನ ಒಂದು ಪಕ್ಕ, ಒಂದು ಗೇಣು ದೂರದಲ್ಲಿ ನಿಲ್ಲಿಸಿ. ಲೈಟನ್ನು ಅದರ ಹಿಂದೆ ಒಂದೂವರೆ ಅಡಿ ದೂರ ಇಡಿ. ಈಗ ಲೈಟನ್ನು ಕೈಯಲ್ಲಿ ಹಿಡಿದು ಕಾಗದದ ಹಿಂದೆ ನಿಧಾನಕ್ಕೆ ಆಚೀಚೆ ಆಡಿಸುತ್ತಾ ಕ್ಯಾಮೆರಾ ಪರದೆ ನೋಡಿ. ಕೇಸಿನ ಅಂಚಿನ ಮೇಲೆ ಬೆಳಕು ಬಿಳಿಯಿಂದ ಬೂದಿಗೆ, ಬೂದಿಯಿಂದ ಕಪ್ಪಿಗೆ ಮೆಲ್ಲಗೆ ಇಳಿಯುವ ಒಂದು ಜಾಗ ಸಿಗುತ್ತದೆ. ಅಲ್ಲಿ ನಿಲ್ಲಿಸಿ.

ಆದರೂ ಗ್ಲಾಸಿನಲ್ಲಿ ಕ್ಯಾಮೆರಾ, ನಿಮ್ಮ ಮೂಗು ಕಾಣುತ್ತಿರುತ್ತದೆ. ಕಪ್ಪು ಚಾರ್ಟ್ ಶೀಟಿನ ನಡುವೆ ಲೆನ್ಸಿನ ಬಾಯಿಯಷ್ಟೇ ಅಗಲದ ತೂತು ಕತ್ತರಿಸಿ ಲೆನ್ಸಿಗೆ ಸಿಗಿಸಿ. ಗ್ಲಾಸು ಇದ್ದಕ್ಕಿದ್ದ ಹಾಗೆ ಮಾಯ ಆಗುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನಾನು ಬೆರಳಿಂದ ಮುಟ್ಟಿ ಗ್ಲಾಸು ಇದೆಯೋ ಇಲ್ಲವೋ ಅಂತ ನೋಡಿದ್ದೆ. ಬೆರಳಿನ ಗುರುತು ಬಿದ್ದು ಮತ್ತೆ ಒರೆಸಬೇಕಾಯಿತು, ಅದು ಬೇರೆ ಮಾತು. ಅಂದಹಾಗೆ ಕಪ್ಪು ಟೀ ಶರ್ಟ್ ಹಾಕಿಕೊಳ್ಳಿ. ಚೌಕುಳಿ ಅಂಗಿ ಹಾಕಬೇಡಿ.

ಆದರೆ ಗ್ಲಾಸು ಕಪ್ಪಾದ ಕೂಡಲೇ ಪಾಲಿಶ್ ಮುಳ್ಳುಗಳೂ ಕಪ್ಪಾಗುತ್ತವೆ, ಅವೂ ಕನ್ನಡಿಯೇ ಅಲ್ವಾ. ಬಿಳಿ ಶೀಟಿನಿಂದ ಬೆಂಕಿಪೆಟ್ಟಿಗೆಯಷ್ಟು ಒಂದು ತುಂಡು ಕತ್ತರಿಸಿ, ಕ್ಯಾಮೆರಾಗೆ ಕಾಣದ ಹಾಗೆ ವಾಚಿನ ಮೇಲೆ ಹಿಡಿದು ಓರೆ ಮಾಡುತ್ತಾ ಹೋಗಿ. ಒಂದು ಕೋನದಲ್ಲಿ ನಿಮಿಷದ ಮುಳ್ಳು ಫಕ್ಕನೆ ಹೊಳೆಯುತ್ತದೆ. ಇನ್ನೊಂದು ತುಂಡಿನಿಂದ ಗಂಟೆ ಮುಳ್ಳು. ಈ ಎರಡು ಕಾಗದದ ಚೂರಿಗೆ ಇರುವ ಬೆಲೆ ಯಾವ ಲೆನ್ಸಿಗೂ ಇಲ್ಲ.

ಸಿಪಿಎಲ್ ಫಿಲ್ಟರ್ (ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಸಿಗಿಸುವ ಪೋಲರೈಸಿಂಗ್ ಗಾಜು) ಹಾಕಿದರೆ ಹೊಳಪೆಲ್ಲ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಅರ್ಧ ನಿಜ. ಗಾಜಿನ ಹೊಳಪನ್ನು ಅದು ತೆಗೆಯುತ್ತದೆ, ಆದರೆ ಓರೆಯಿಂದ ನೋಡಿದಾಗ ಮಾತ್ರ. ಗ್ಲಾಸಿಗೆ ನೇರವಾದ ಗೆರೆಯಿಂದ 55 ಡಿಗ್ರಿ ಆಸುಪಾಸು ಬಾಗಿದ್ದಾಗ ಅದರ ಶಕ್ತಿ ಜಾಸ್ತಿ. ಮೇಲಿಂದ ನೇರ ಹಿಡಿದರೆ ಏನೂ ಆಗುವುದಿಲ್ಲ. ಸ್ಟೀಲಿನ ಹೊಳಪಿಗಂತೂ ಅದು ಬಹುಮಟ್ಟಿಗೆ ಕೈ ಹಾಕುವುದೇ ಇಲ್ಲ. ಮೊದಲ ಪಟ್ಟಿಯಲ್ಲಿ ಇದು ಬೇಡ.

ವಾಚನ್ನು ಸಿದ್ಧ ಮಾಡುವುದು

ಮೈಕ್ರೊಫೈಬರ್ ಬಟ್ಟೆ, ಗಾಳಿ ಊದುವ ರಬ್ಬರ್ ಬ್ಲೋವರ್, ಬರಿಗೈಯಿಂದ ಮುಟ್ಟದಿರಲು ಒಂದು ಜೊತೆ ಗ್ಲೌಸು. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ವಾಚ್ ರಿಪೇರಿಯವರ ಹತ್ತಿರ ರೋಡಿಕೊ ಅಂತ ಹಸಿರು ಅಂಟುಮುದ್ದೆಯಂಥದ್ದು ಇರುತ್ತದೆ. ಸಂದಿಯಲ್ಲಿ ಕೂತ ಧೂಳನ್ನು ಒತ್ತಿ ತೆಗೆಯಲು ಅದಕ್ಕೆ ಸಮ ಇಲ್ಲ.

ಮುಳ್ಳು 10 ಗಂಟೆ 10 ನಿಮಿಷದ ಹತ್ತಿರ ಇರಲಿ. ಜಾಹೀರಾತುಗಳಲ್ಲಿ ನೋಡಿರುತ್ತೀರಿ. ಟೈಮೆಕ್ಸ್‌ನವರದ್ದು 10:09:36 ಅಂತ ಸೆಕೆಂಡಿನವರೆಗೆ ಲೆಕ್ಕ. ಹಾಗಿಟ್ಟರೆ 12ರ ಕೆಳಗಿನ ಹೆಸರು, 3ರ ಹತ್ತಿರದ ತಾರೀಖು ಎರಡೂ ಮುಚ್ಚುವುದಿಲ್ಲ. ತಾರೀಖು ತಿದ್ದುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಿ, ಹಲವು ಮೆಕ್ಯಾನಿಕಲ್ ವಾಚುಗಳಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ತಾರೀಖಿನ ಚಕ್ರ ಕಚ್ಚಿಕೊಂಡಿರುತ್ತದೆ, ಆಗ ಕೀಯಿಂದ ತಾರೀಖು ಬದಲಿಸಿದರೆ ಹಲ್ಲು ಮುರಿಯಬಹುದು. ಮುಳ್ಳನ್ನು 6ಕ್ಕೆ ತಂದು ತಾರೀಖು ಸರಿ ಮಾಡಿ, ಆಮೇಲೆ 10:10ಕ್ಕೆ ಬನ್ನಿ.

ಎಚ್‌ಎಂಟಿ ಜನತಾ, ಪೈಲಟ್ ಥರದ ಕೀ ಕೊಡುವ ವಾಚುಗಳದ್ದು ಇನ್ನೊಂದು ತಕರಾರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸುಗಳು ಇವು. ಇವುಗಳಲ್ಲಿ ಕೀ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಒಂದೇ ಫೋಟೊ ಆದರೆ ಪರವಾಗಿಲ್ಲ. ಹಲವು ಫೋಟೊ ತೆಗೆದು ಒಂದು ಮಾಡುವಾಗ (ಯಾಕೆ ಅಂತ ಮುಂದೆ ಹೇಳುತ್ತೇನೆ) ಡಯಲ್ ಮೇಲೆ ಹತ್ತು ಸೆಕೆಂಡ್ ಮುಳ್ಳು ಬೀಸಣಿಗೆಯ ಹಾಗೆ ಬರುತ್ತವೆ. ದಾರಿ ಸುಲಭ, ಹಿಂದಿನ ದಿನ ಕೀ ಕೊಡಬೇಡಿ, ತಾನಾಗಿ ನಿಲ್ಲಲಿ. ಕಂಪನಿ ಹೆಸರಿನ ಮೇಲೆಯೇ ನಿಂತರೆ? ಎರಡು ಸುತ್ತು ಕೀ ಕೊಟ್ಟು ಮತ್ತೆ ಕಾಯಿರಿ.

ಸ್ಟ್ಯಾಂಡು

ಟ್ರೈಪಾಡ್ ಭಾರ ಇರಬೇಕು, ಅಷ್ಟೇ. ಮಧ್ಯದ ಕಂಬ ಅಡ್ಡ ಬಾಗುವಂಥದ್ದು ಸಿಕ್ಕರೆ ಮೇಲಿಂದ ಕೆಳಗೆ ತೆಗೆಯಲು ಅನುಕೂಲ, ಮ್ಯಾನ್‌ಫ್ರೊಟ್ಟೊ 055, 190 ಮಾದರಿಗಳಲ್ಲಿ ಇದು ಇದೆ, ಅಗ್ಗದ ಬೇರೆ ಕಂಪನಿಗಳಲ್ಲೂ ಇದೆ. ಹಾಗೆ ಅಡ್ಡ ಮಾಡಿದಾಗ ಇನ್ನೊಂದು ತುದಿಗೆ ಒಂದು ಕೆಜಿ ಅಕ್ಕಿ ಚೀಲ ಕಟ್ಟಿ, ಇಲ್ಲದಿದ್ದರೆ ಕ್ಯಾಮೆರಾ ವಾಚಿನ ಮೇಲೆಯೇ ಬೀಳುತ್ತದೆ. ಶಟರ್ ಕೈಯಿಂದ ಒತ್ತಬೇಡಿ, 2 ಸೆಕೆಂಡ್ ಟೈಮರ್ ಇಡಿ. ನಮ್ಮ ಮನೆ ಮುಂದೆ ಬಸ್ಸು ಹೋದರೆ ಫೋಟೊ ನಡುಗುತ್ತದೆ, ಅದಕ್ಕೇ ನಾನು ರಾತ್ರಿ ಹತ್ತರ ಮೇಲೆ ಕೂರುತ್ತೇನೆ.

ಲೆನ್ಸು: ಸ್ವಲ್ಪ ಲೆಕ್ಕ ಮಾಡೋಣ

1:1 ಮ್ಯಾಕ್ರೊ ಅಂದರೆ ವಾಚಿನ 10 ಮಿ.ಮೀ. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಬೀಳುವ ಫಲಕ) ಮೇಲೂ 10 ಮಿ.ಮೀ. ಆಗಿಯೇ ಬೀಳುತ್ತದೆ. ಪೈಲಟ್ ಸುಮಾರು 35 ಮಿ.ಮೀ. ಅಗಲ, ಬೆಲ್ಟು ಸಿಗಿಸುವ ಕಿವಿಗಳು ಸೇರಿದರೆ ಉದ್ದ 40ರ ಆಸುಪಾಸು. ಎಪಿಎಸ್‌ಸಿ, ಅಂದರೆ ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ ಎತ್ತರ ಸುಮಾರು 15.6 ಮಿ.ಮೀ. 15.6 ಭಾಗಿಸು 40, ಬಂದದ್ದು 0.39. ಅಂದರೆ ಇಡೀ ವಾಚು ಫ್ರೇಮ್ ತುಂಬಲು 0.39 ಪಟ್ಟು ಸಾಕು. ಕ್ಯಾಮೆರಾ ಜೊತೆಗೇ ಬರುವ ಎಷ್ಟೋ ಕಿಟ್ ಲೆನ್ಸ್‌ಗಳು 0.3 ದಾಟುತ್ತವೆ, ನಿಕಾನಿನ ಎಎಫ್‌ಪಿ 18-55 ಅಂತೂ 0.38ರವರೆಗೆ ಬರುತ್ತದೆ. ಗೊತ್ತಾಯಿತಲ್ಲ, ಇಡೀ ವಾಚಿನ ಫೋಟೊಗೆ ಮ್ಯಾಕ್ರೊ ಲೆನ್ಸೇ ಬೇಕಿಲ್ಲ! ಮನೆಯಲ್ಲಿರುವ ಕಿಟ್ ಲೆನ್ಸನ್ನು 55ಕ್ಕೆ (ಪೂರ್ತಿ ಜೂಮ್) ಇಟ್ಟು ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಹೋಗಿ, ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಂಡಿ, ಎಫ್ 8 ಇಟ್ಟು (ನಂಬರ್ ದೊಡ್ಡದಾದಷ್ಟೂ ಕಂಡಿ ಚಿಕ್ಕದು) ಒಮ್ಮೆ ತೆಗೆದು ನೋಡಿ.

ಮ್ಯಾಕ್ರೊ ಬೇಕಾಗುವುದು ಡಯಲಿನ ಅಕ್ಷರ, ಮುಳ್ಳಿನ ತುದಿ, ಮೆಷಿನ್ನಿನ ಮಾಣಿಕ್ಯ ತೋರಿಸಲು. ಅಗ್ಗದ ದಾರಿ ಎಕ್ಸ್‌ಟೆನ್ಷನ್ ಟ್ಯೂಬು. ಒಳಗೆ ಗಾಜೇ ಇಲ್ಲದ ಬರೀ ಟೊಳ್ಳು ಕೊಳವೆ ಅದು. 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಹಾಕಿದರೆ 0.5 ಪಟ್ಟು ಕೂಡುತ್ತದೆ. ಕ್ಯಾನನ್ 50 ಎಂಎಂ ಎಫ್ 1.8 ಎಸ್‌ಟಿಎಂ ತಾನೇ 0.21 ಕೊಡುತ್ತದೆ, ಎರಡೂ ಸೇರಿ 0.7ರ ಹತ್ತಿರ. ಎಲೆಕ್ಟ್ರಿಕ್ ಸಂಪರ್ಕ ಇರುವ ಟ್ಯೂಬನ್ನೇ ತಗೊಳ್ಳಿ, ಇಲ್ಲದಿದ್ದರೆ ಅಪರ್ಚರ್ ಬದಲಿಸಲು ಆಗುವುದಿಲ್ಲ.

ನಿಜವಾದ ಮ್ಯಾಕ್ರೊಗೆ ದುಡ್ಡಿದ್ದರೆ 90ರಿಂದ 105 ಎಂಎಂ ನಡುವಿನದು ತಗೊಳ್ಳಿ. ಟ್ಯಾಮ್ರಾನ್ 90, ಟೋಕಿನಾ 100, ಸಿಗ್ಮಾ 105, ಕ್ಯಾನನ್ 100, ನಿಕಾನ್ 105, ಸೋನಿ 90, ಎಲ್ಲವೂ ಒಳ್ಳೆಯವೇ, ಇವುಗಳ ನಡುವೆ ಜಗಳ ಆಡುವುದು ಸುಮ್ನೆ ಟೈಂಪಾಸ್. ಯಾಕೆ ಉದ್ದದ ಲೆನ್ಸು? 100 ಎಂಎಂನಲ್ಲಿ 1:1ಕ್ಕೆ ಹೋದರೂ ಲೆನ್ಸಿಗೂ ವಾಚಿಗೂ ನಡುವೆ 14 ಸೆಂ.ಮೀ. ಹತ್ತಿರ ಜಾಗ ಉಳಿಯುತ್ತದೆ, ಬೆಂಕಿಪೆಟ್ಟಿಗೆಯಷ್ಟು ಬಿಳಿ ಕಾಗದ ಹಿಡಿಯಲು ಆ ಜಾಗ ಬೇಕು. ಸೋನಿಯ 30 ಎಂಎಂ ಮ್ಯಾಕ್ರೊದಲ್ಲಿ ಉಳಿಯುವುದು ಎರಡೂವರೆ ಸೆಂ.ಮೀ. ಆಸುಪಾಸು. ಬೆಳಕು ಎಲ್ಲಿಂದ ನುಗ್ಗಬೇಕು?

ಸೆಕೆಂಡ್‌ಹ್ಯಾಂಡ್ ಲೆನ್ಸ್ ಧಾರಾಳವಾಗಿ ಕೊಳ್ಳಿ, ಆದರೆ ಟಾರ್ಚ್ ತಗೊಂಡು ಹೋಗಿ. ನಾನೊಮ್ಮೆ ಒಬ್ಬರ ಹತ್ತಿರ ಸಂಜೆಗತ್ತಲಲ್ಲಿ ಅವಸರದಲ್ಲಿ ಕೊಂಡು ಬಂದೆ, ಮನೆಗೆ ಬಂದು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದ್ದರೆ ಅಲ್ಲೇ ಕಾಣುತ್ತಿತ್ತು. ಮಂಗಳೂರು, ಉಡುಪಿ, ಮಲೆನಾಡು ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ಇಷ್ಟಿದ್ದರೆ ಲೆನ್ಸೂ ಉಳಿಯುತ್ತದೆ, ವಾಚೂ ಉಳಿಯುತ್ತದೆ.

ಫೋಕಸ್ ಸಾಲದು ಅಂತ ಅನ್ನಿಸಿದಾಗ

ಎಪಿಎಸ್‌ಸಿ ಕ್ಯಾಮೆರಾದಲ್ಲಿ ಎಫ್ 8 ಇಟ್ಟು ಅರ್ಧ ಗಾತ್ರದಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ 2 ಮಿ.ಮೀ. ಹತ್ತಿರ. 1:1ಕ್ಕೆ ಹೋದರೆ ಮುಕ್ಕಾಲು ಮಿ.ಮೀ. ಕೂಡ ಇಲ್ಲ. ಟೈಟಾನ್ ಎಡ್ಜ್ ಇಡೀ ವಾಚೇ 3.5 ಮಿ.ಮೀ. ದಪ್ಪ, ಅದು ಹೇಗೋ ಬಚಾವಾಗುತ್ತದೆ. ನೀರಿಗಿಳಿಯುವ ದಪ್ಪ ಡೈವರ್ ವಾಚಿನಲ್ಲಿ ಮುಳ್ಳು ಸಿಕ್ಕರೆ ಕೇಸು ಮಸುಕು, ಕೇಸು ಸಿಕ್ಕರೆ ಮುಳ್ಳು ಮಸುಕು. ಹಾಗಂತ ಎಫ್ 22 ಇಡಬೇಡಿ. 1:1ರಲ್ಲಿ ಎಫ್ 16 ಅಂದರೆ ನಿಜಕ್ಕೂ ಎಫ್ 32ರ ಹಾಗೆ ಕೆಲಸ ಮಾಡುತ್ತದೆ, ಚಿಕ್ಕ ಕಂಡಿಯಲ್ಲಿ ಬೆಳಕು ಹರಡಿ (ಡಿಫ್ರ್ಯಾಕ್ಷನ್) ಇಡೀ ಫೋಟೊ ಮೆತ್ತಗಾಗುತ್ತದೆ.

ಎಫ್ 8ರಲ್ಲೇ ಇದ್ದು, ಫೋಕಸನ್ನು ಕೂದಲಷ್ಟು ಕೂದಲಷ್ಟು ಸರಿಸುತ್ತಾ ಹತ್ತಿಪ್ಪತ್ತು ಫೋಟೊ ತೆಗೆದು ಹೆಲಿಕಾನ್ ಫೋಕಸ್ ಅಥವಾ ಝೆರೀನ್ ಸ್ಟ್ಯಾಕರ್ ಸಾಫ್ಟ್‌ವೇರಿನಲ್ಲಿ ಒಂದು ಮಾಡಿ. ತಾನೇ ಫೋಕಸ್ ಸರಿಸುತ್ತಾ ಸಾಲಾಗಿ ತೆಗೆಯುವ ಫೋಕಸ್ ಬ್ರ್ಯಾಕೆಟಿಂಗ್ ಕ್ಯಾಮೆರಾದಲ್ಲೇ ಇದ್ದರೆ ಗುಂಡಿ ಒತ್ತಿ ಕೂತರೆ ಆಯಿತು. ಬಾಡಿ ಕೊಳ್ಳುವಾಗ ನಾನು ಮೊದಲು ನೋಡುವುದು ಇದೇ, ಮೆಗಾಪಿಕ್ಸೆಲ್ ಅಲ್ಲ.

ಕಡೆಗೆ ಬಾಡಿ, ವಿಡಿಯೊ

ಫೋಟೊಗೆ ಮಾತ್ರ ಅಂದರೆ ಹಳೆಯ 24 ಮೆಗಾಪಿಕ್ಸೆಲ್ ಎಪಿಎಸ್‌ಸಿ ಯಾವುದಾದರೂ ಸರಿ. ಅದೇ ಎಫ್ ನಂಬರಿನಲ್ಲಿ, ಅದೇ ಫ್ರೇಮಿಗೆ ಫುಲ್‌ಫ್ರೇಮ್‌ಗಿಂತ ಇದರಲ್ಲಿ ಆಳ ಜಾಸ್ತಿ ಸಿಗುತ್ತದೆ. ದುಡ್ಡೂ ಉಳಿಯುತ್ತದೆ. ನಾನು ಉಲ್ಟಾ ಮಾಡಿದೆ, ನೀವು ಮಾಡಬೇಡಿ.

ವಿಡಿಯೊಗಾದರೆ ಮೂರು ವಿಷಯ ಕೇಳಿ. ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಇದೆಯಾ? 4ಕೆ ಇಟ್ಟು ಅರ್ಧ ಗಂಟೆ ಬಿಟ್ಟರೆ ಬಿಸಿಯಾಗಿ ಆರಿಹೋಗುತ್ತಾ? 100 ಅಥವಾ 120 ಫ್ರೇಮ್ ಸ್ಲೋ ಮೋಷನ್ ಸಿಗುತ್ತಾ? ಆಟೋಫೋಕಸ್ ಎಷ್ಟು ಚುರುಕು ಅಂತ ಕೇಳಲೇ ಬೇಡಿ. ಇಷ್ಟು ಹತ್ತಿರದಲ್ಲಿ ಅದು ಗ್ಲಾಸಿಗೂ ಡಯಲಿಗೂ ನಡುವೆ ಉಯ್ಯಾಲೆ ಆಡುತ್ತದೆ, ಕೈಯಲ್ಲೇ ಫೋಕಸ್ ಮಾಡಬೇಕು.

ಮೂರನೆಯದು ಯಾಕೆ ಅಂದರೆ, ಎಚ್‌ಎಂಟಿಯ ಕೀ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಬಡಿಯುತ್ತದೆ. 25 ಫ್ರೇಮ್‌ನಲ್ಲಿ ಹಿಡಿದರೆ ಒಂದು ಬಡಿತಕ್ಕೆ 5 ಫ್ರೇಮ್, ಚಕ್ರ ಬರೀ ಮಸುಕು. 100ರಲ್ಲಿ ಹಿಡಿದು 25ರಲ್ಲಿ ಓಡಿಸಿದರೆ ಒಂದು ಬಡಿತಕ್ಕೆ 20 ಫ್ರೇಮ್. ಚಕ್ರ ಉಸಿರಾಡಿದ ಹಾಗೆ ಹೋಗಿ ಬಂದು ಮಾಡುವುದು ಕಾಣುತ್ತದೆ, ಕೂದಲಿನಂಥ ಸ್ಪ್ರಿಂಗು ಬಿಚ್ಚಿ ಮುದುಡುವುದೂ ಕಾಣುತ್ತದೆ. ಹಿಂದಿನ ಮುಚ್ಚಳ ನೀವೇ ಚಾಕು ಹಾಕಿ ಎಬ್ಬಿಸಬೇಡಿ, ರಿಪೇರಿಯವರ ಹತ್ತಿರ ತೆಗೆಸಿ.

ಕ್ಯಾಮೆರಾ ಮೆನುವಿನಲ್ಲಿ ಪಾಲ್ (PAL, 25, 50, 100 ಫ್ರೇಮಿನ ಪದ್ಧತಿ) ಅಂತ ಇರುವುದನ್ನು ಆರಿಸಿ. ನಮ್ಮ ಕರೆಂಟು 50 ಹರ್ಟ್ಸ್, ಮನೆಯ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. 25 ಫ್ರೇಮಿಗೆ ಶಟರ್ 1/50, 100 ಫ್ರೇಮಿಗೆ 1/100 ಇಟ್ಟರೆ ಪಟ್ಟೆ ಬರುವುದಿಲ್ಲ. 30, 60, 120ಕ್ಕೆ ಹೋಗಿ ಶಟರನ್ನೂ 1/60, 1/120 ಮಾಡಿದರೆ ಕಾಟ ಶುರು.

ಕ್ಯಾಮೆರಾ ಜಾರಿಸುವ ಸ್ಲೈಡರ್, ವಾಚು ತಿರುಗಿಸುವ ಮೋಟಾರ್ ತಟ್ಟೆ ಇವೆಲ್ಲ ಆಮೇಲೆ. ಮೊದಲು ಕ್ಯಾಮೆರಾ, ವಾಚು ಎರಡನ್ನೂ ಅಲುಗಿಸದೆ, ಬಟರ್ ಪೇಪರ್ ಹಿಂದೆ ಲೈಟನ್ನು ಮಾತ್ರ ನಿಧಾನಕ್ಕೆ ಸರಿಸಿ ವಿಡಿಯೊ ಮಾಡಿ. ನಡುವಿನಿಂದ ಕಿರಣ ಚೆಲ್ಲಿದಂಥ ಡಯಲ್ ಇದ್ದರೆ ಬೆಳಕು ಗಾಳಿಪಟದ ಬಾಲದ ಹಾಗೆ ಸುತ್ತುತ್ತದೆ. ಸಾವಿರಾರು ರೂಪಾಯಿಯ ಸ್ಲೈಡರ್ ಕೊಂಡವರೂ ಕಡೆಗೆ ಇಟ್ಟುಕೊಳ್ಳುವ ಶಾಟ್ ಇದೇ.

ಇನ್ನು ಟಿಕ್ ಟಿಕ್ ಸದ್ದು. ಕ್ಯಾಮೆರಾದ ಮೈಕು ಅದನ್ನು ಹಿಡಿಯುವುದಿಲ್ಲ. ಕಾಲರ್ ಮೈಕನ್ನು ವಾಚಿನ ಬೆನ್ನಿಗೆ ತಾಗಿಸಿ, ಎರಡನ್ನೂ ಒಂದು ಮೆತ್ತನೆಯ ಟವಲ್ಲಿನಲ್ಲಿ ಸುತ್ತಿ, ರಾತ್ರಿ ಎಲ್ಲ ಮಲಗಿದ ಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ವಿಡಿಯೊಗೆ ಸೇರಿಸಿದರಾಯಿತು. ಫ್ರಿಜ್ಜಿನ ಗುಂಯ್ ಸದ್ದು ಬರುತ್ತದೆ, ಐದು ನಿಮಿಷ ಆಫ್ ಮಾಡಿ. ಮತ್ತೆ ಆನ್ ಮಾಡಲು ನೆನಪಿರಲಿ ಅಂತ ಮನೆಯ ಕೀಲಿಯನ್ನೋ ಫೋನನ್ನೋ ಫ್ರಿಜ್ಜಿನ ಒಳಗೇ ಇಡಿ. ನಾನು ಇಡಲಿಲ್ಲ, ಬೆಳಿಗ್ಗೆ ಎರಡು ಲೀಟರ್ ಹಾಲು ಒಡೆದಿತ್ತು.